ಕೊಗನೊಳ್ಳಿ ಬಾಯಾರು

ಕೊಗನೊಳ್ಳಿ
೧೨ ಜುಲೈ ೨೦೨೩

ಅಪ್ಪಾ,

ನಮಸ್ಕಾರ. ನಿಮ್ಮ ಫೋನಿಗೆ ನನ್ನ ಕರೆ ಹೋಗುವುದಿಲ್ಲ. ನಿತಿನಣ್ಣನ ಫೋನಿಗೂ ಹೋಗುವುದಿಲ್ಲ. ಅಂಚೆಯವನಿಗಾದರೂ ಯಾರೂ ಬಾಗಿಲು ಹಾಕಿರಲಾರರು ಅಂದುಕೊಂಡು ಬರೆಯುತ್ತಿದ್ದೇನೆ. ಹರಿದು ಹಾಕುವುದಿದ್ದರೂ ಮುಂದಿನ ನಾಲ್ಕು ಸಾಲು ಓದಿ ಹರಿಯಿರಿ. ಅದರಲ್ಲಿ ಗಣಿತವಿದೆ.

ನನಗೆ ಇಲ್ಲಿಯ ಪ್ರಾಥಮಿಕ ಶಾಲೆಗೆ ನೇಮಕ ಆಗಿದೆ. ಐದನೆಯ ವರ್ಗದ ಗಣಿತ ಕೊಟ್ಟಿದ್ದಾರೆ. ಮಕ್ಕಳಿಗೆ ನಾನೀಗ ಗಣಿತ ಕಲಿಸುವ ಬಾಯಾರು. ಕಂಬನಕ್ಷೆ ಮಕ್ಕಳಿಗೆ ಬೇಗ ಹತ್ತಿತು. ಯಾರ ಮನೆಯಲ್ಲಿ ಎಷ್ಟು ಆಡು, ಎಷ್ಟು ಎಮ್ಮೆ ಎಂದು ತಾವೇ ಕೇಳಿಕೊಂಡು ಬಂದು ಕಂಬ ನಿಲ್ಲಿಸಿದರು. ರೇಖಾನಕ್ಷೆಗೆ ಬಂದೊಡನೆ ಎಲ್ಲ ಕೆಟ್ಟಿತು. ಒಂದು ದಿನದ ಬಿಸಿಲಿನ ತಾಪವನ್ನು ಬೆಳಗಿನಿಂದ ಸಂಜೆಯವರೆಗೆ ಚುಕ್ಕೆ ಇಟ್ಟು, ಚುಕ್ಕೆಗಳನ್ನು ಕೂಡಿಸಿ ತೋರಿಸಿದೆ. ಗೆರೆ ಏರಿ ಇಳಿಯಿತು. ಇದು ಏನು ಹೇಳುತ್ತದೆ ಎಂದು ಕೇಳಿದರೆ ಹಾಲೇಶ ಎಂಬ ಹುಡುಗ ಎದ್ದುನಿಂತು, "ಒಬ್ಬಾಂವ ಗುಡ್ಡಾ ಹತ್ತಿ ಇಳದಾನ್ರಿ ಬಾಯಾರ" ಅಂದ. ಅವನದು ಕುರಿ ಕಾಯುವ ಮನೆ. ಅವನಿಗೆ ಕಂಡದ್ದು ಅದೇ. ಮಾಳೇಶ ಎಂಬವನು ಅಂಗಡಿಯ ಹಣ್ಣಿನ ಲೆಕ್ಕಕ್ಕೂ ಚುಕ್ಕೆಯಿಟ್ಟು, ಬಾಳೆಹಣ್ಣಿನಿಂದ ಪೇರಲಕ್ಕೆ ಗೆರೆ ಎಳೆದುಕೊಂಡು ಬಂದ. ಅದು ತಪ್ಪು ಎಂದು ನನಗೆ ಗೊತ್ತು. ಯಾಕೆ ತಪ್ಪು ಎಂದು ಹತ್ತು ವರ್ಷದ ಹುಡುಗನಿಗೆ ಹೇಳಲು ಬರಲಿಲ್ಲ. ನೀವು ನಿಮ್ಮ ವರ್ಗದಲ್ಲಿ ಹೇಗೆ ಹೇಳುತ್ತಿದ್ದಿರಿ?

ಅವ್ವ ಹೇಗಿದ್ದಾಳೆ?

ನಿಮ್ಮ ಮಗಳು,
ಪೂನಮ


ಶೇಡಬಾಳ
೨೬ ಜುಲೈ ೨೦೨೩

ಕೊಗನೊಳ್ಳಿ ಶಾಲೆಯ ಶಿಕ್ಷಕಿಯವರಿಗೆ,

ಪತ್ರ ತಲುಪಿತು. ಉತ್ತರಿಸಬಾರದೆಂದೇ ಎತ್ತಿಟ್ಟಿದ್ದೆ. ಆದರೆ ಮಕ್ಕಳು ತಪ್ಪು ಕಲಿಯುತ್ತಿದ್ದಾರೆಂದು ತಿಳಿದೂ ಸುಮ್ಮನೆ ಕೂಡ್ರುವುದು ನನ್ನಿಂದ ಆಗುವುದಿಲ್ಲ. ಮಕ್ಕಳೇನೂ ನನಗೆ ಅನ್ಯಾಯ ಮಾಡಿಲ್ಲ.

ಗುಡ್ಡ ಎಂದ ಹುಡುಗನಿಗೆ ಬಯ್ಯಬೇಡಿ. ಎಲ್ಲ ಮಕ್ಕಳೂ ಮೊದಲು ಗೆರೆಯನ್ನು ಚಿತ್ರವೆಂದೇ ನೋಡುತ್ತಾರೆ. ಅವನ ಬೆರಳು ಹಿಡಿದು ಗೆರೆಯ ಮೇಲೆ ನಡೆಸಿರಿ. ಬೆರಳು ಬಲಕ್ಕೆ ಸರಿದರೆ ಹೊತ್ತು ಹೋಯಿತು, ಮೇಲಕ್ಕೆ ಸರಿದರೆ ತಾಪ ಏರಿತು ಎಂದು ಅವನ ಬಾಯಿಂದಲೇ ಹೇಳಿಸಿರಿ. ಎಳೆಯಲು ಕಲಿಸುವ ಮೊದಲು ಓದಲು ಕಲಿಸಬೇಕು. ನೀವು ಅವಸರ ಮಾಡಿದ್ದೀರಿ.

ಹಣ್ಣಿನ ಹುಡುಗನಿಗೆ ಒಂದೇ ಪ್ರಶ್ನೆ ಕೇಳಿರಿ: ಬಾಳೆಹಣ್ಣಿಗೂ ಪೇರಲಕ್ಕೂ ನಡುವೆ ಏನಿದೆ? ಏನೂ ಇಲ್ಲ. ಬಾಳೆಹಣ್ಣು ನಿಧಾನವಾಗಿ ಪೇರಲವಾಗುವುದಿಲ್ಲ. ಆದರೆ ಒಂಬತ್ತಕ್ಕೂ ಹತ್ತಕ್ಕೂ ನಡುವೆ ಒಂಬತ್ತೂವರೆ ಇದ್ದೇ ಇದೆ, ಆಗಲೂ ಬಿಸಿಲು ಇದ್ದೇ ಇತ್ತು. ನಡುವೆ ಏನಾದರೂ ಇದ್ದರೆ ಮಾತ್ರ ಗೆರೆ. ಪುಸ್ತಕದ ಅಂಕಿ ಬಿಟ್ಟು, ಮಕ್ಕಳು ತಾವೇ ಅಳೆದ ಅಂಕಿ ಕೊಡಿರಿ.

ಇನ್ನೊಂದು ಮಾತು. ನಮ್ಮ ಮನೆಯ ಹುಡುಗಿಯೊಬ್ಬಳು ಎರಡು ವರ್ಷದ ಹಿಂದೆ, ನಿಪ್ಪಾಣಿಯ ನೋಂದಣಿ ಕಚೇರಿಯಲ್ಲಿ ಬೋರಗಾಂವದ ಕುರಿಯವರ ಹುಡುಗ ಬಾಳೇಶನ ಪಕ್ಕದಲ್ಲಿ ಸಹಿ ಹಾಕಿದ ದಿನವೇ ತೀರಿಕೊಂಡಳು. ಸತ್ತವರ ಜೊತೆ ನನಗೆ ಪತ್ರವ್ಯವಹಾರವಿಲ್ಲ. ನಾನು ಬರೆಯುತ್ತಿರುವುದು ಒಬ್ಬ ಶಿಕ್ಷಕಿಗೆ. ಪಾಠದ ಮಾತು ಬಿಟ್ಟು ಬೇರೆ ಬರೆದರೆ ಉತ್ತರ ಬರುವುದಿಲ್ಲ.

ಶಾಂತಿನಾಥ
ನಿವೃತ್ತ ಗಣಿತ ಶಿಕ್ಷಕ


ಕೊಗನೊಳ್ಳಿ
೯ ಸೆಪ್ಟೆಂಬರ್ ೨೦೨೩

ಅಪ್ಪಾ,

ನೀವು ಹೇಳಿದಂತೆ ಪುಸ್ತಕ ಮುಚ್ಚಿಟ್ಟೆ. ಬಿಸಿಯೂಟದ ಅಡುಗೆಯವರಿಂದ ಒಂದು ಪಾತ್ರೆ ಕುದಿಯುವ ನೀರು ಇಸಿದುಕೊಂಡು ಬಂದು ಮೇಜಿನ ಮೇಲೆ ಇಟ್ಟೆ. ಉಷ್ಣಮಾಪಕ ಹೈಸ್ಕೂಲಿನಿಂದ ಕೇಳಿ ತಂದದ್ದು. ಹುಡುಗರು ಸರತಿಯ ಮೇಲೆ ಬಂದು ಓದುವುದು, ಉಳಿದವರು ಬರೆದುಕೊಳ್ಳುವುದು. ಕನ್ನಡ ಓದಲು ತಡವರಿಸುವ ಹುಡುಗಿಯರು ಕೂಡ ಅಂಕಿ ತಪ್ಪು ಹೇಳಲಿಲ್ಲ. ಮೊದಲು ನೀರು ಬೇಗ ಬೇಗ ಆರಿತು, ಆಮೇಲೆ ತಡವಾಗಿ. ಗೆರೆ ಮೊದಲು ಕಡಿದಾಗಿ ಬಿದ್ದು ಆಮೇಲೆ ಮಲಗಿತು. ಹಾಲೇಶ ಬಹಳ ಹೊತ್ತು ನೋಡಿ, "ಇದು ಗುಡ್ಡ ಅಲ್ರಿ. ನೀರಿಗಿ ದಣಿವಾಗೇತಿ" ಅಂದ. ಇಡೀ ವರ್ಗ ನಕ್ಕಿತು. ನಾನು ನಗಲಿಲ್ಲ. ಅವನು ಗೆರೆ ಓದಿದ್ದ.

ಭಾಗ್ಯಾ ಅಂತ ಒಬ್ಬಳಿದ್ದಾಳೆ. ಅವಳು ಒಪ್ಪಲಿಲ್ಲ. "ಎರಡ ಚುಕ್ಕಿ ನಡಬರಕ ನಾವು ನೋಡೇ ಇಲ್ಲಲ್ರಿ ಬಾಯಾರ. ಗೆರಿ ಹೆಂಗ ಎಳೀತೀರಿ?" ಅಂತ ಕೇಳಿದಳು. ನಾವು ನೋಡದಿದ್ದರೂ ನೀರು ಆ ತಾಪವನ್ನೆಲ್ಲ ದಾಟಿಯೇ ಬಂದಿರಬೇಕು, ಹಾರಿ ಬರಲು ಅದಕ್ಕೆ ದಾರಿಯಿಲ್ಲ ಅಂದೆ. ಅವಳಿಗೆ ಒಪ್ಪಿಗೆಯಾಯಿತೋ ಇಲ್ಲವೋ ಗೊತ್ತಿಲ್ಲ. ನನಗೇ ಆ ಮಾತು ಮನೆಯವರೆಗೆ ಬೆನ್ನು ಬಿಡಲಿಲ್ಲ.

ಹೋದ ಗುರುವಾರ ನಿಪ್ಪಾಣಿಯ ಸಂತೆಯಲ್ಲಿ ಜಿನೇಂದ್ರ ಕಾಕಾ ಕಂಡರು. ಮುಖ ತಿರುಗಿಸಿಕೊಂಡು ಹೋದವರು ಮತ್ತೆ ಹಿಂದೆ ಬಂದು, ಅವ್ವನನ್ನು ಮಿರಜದ ದವಾಖಾನೆಗೆ ಒಯ್ದಿದ್ದರು ಅಂತಷ್ಟೇ ಹೇಳಿ ಹೋದರು. ಏನಾಗಿದೆ ಎಂದು ಕೇಳುವಷ್ಟರಲ್ಲಿ ಗಾಡಿ ಹತ್ತಿದರು.

ಇದು ಪಾಠದ ಮಾತಲ್ಲ. ಆದರೂ ಕೇಳುತ್ತೇನೆ. ಅವ್ವ ಹೇಗಿದ್ದಾಳೆ?

ನಿಮ್ಮ
ಪೂನಮ


ಶೇಡಬಾಳ
೨೭ ಸೆಪ್ಟೆಂಬರ್ ೨೦೨೩

ಶಿಕ್ಷಕಿಯವರಿಗೆ,

ನೀರಿನ ಪಾಠ ಚೆನ್ನಾಗಿ ಆಗಿದೆ. ಗೆರೆ ಎಲ್ಲಿ ಕಡಿದು, ಎಲ್ಲಿ ಮಲಗಿದೆ ಎಂಬುದನ್ನು ಮಕ್ಕಳು ತಾವೇ ಕಂಡುಕೊಂಡರೆ ಅರ್ಧ ಪಾಠ ಮುಗಿದಂತೆ. ಭಾಗ್ಯಾ ಎಂಬ ಹುಡುಗಿಯನ್ನು ಮುಂದಿನ ಸಾಲಿಗೆ ಕೂಡ್ರಿಸಿರಿ. ಮೂವತ್ತು ವರ್ಷದ ನೌಕರಿಯಲ್ಲಿ ಆ ಪ್ರಶ್ನೆಯನ್ನು ನನಗೆ ಒಬ್ಬನೇ ಒಬ್ಬ ವಿದ್ಯಾರ್ಥಿ ಕೇಳಿದ್ದ. ನಾನು ಅವನನ್ನು ಬೆಂಚಿನ ಮೇಲೆ ನಿಲ್ಲಿಸಿದ್ದೆ. ನೀವು ಹಾಗೆ ಮಾಡಬೇಡಿ.

ನೀವು ಬೇರೆ ಮಾತೊಂದನ್ನು ಎರಡು ಪತ್ರದಲ್ಲಿಯೂ ಕೇಳಿದ್ದೀರಿ. ಪಾಠದ ರೂಪದಲ್ಲಿ ಉತ್ತರ ಕೊಡುತ್ತೇನೆ. ಬರೆದುಕೊಳ್ಳಿರಿ. ಫೆಬ್ರುವರಿಯಲ್ಲಿ ಅರವತ್ತೊಂದು. ಎಪ್ರಿಲ್‌ನಲ್ಲಿ ಐವತ್ತೆಂಟು. ಜೂನ್‌ನಲ್ಲಿ ಐವತ್ತೆರಡು. ಆಗಸ್ಟಿನಲ್ಲಿ ನಲವತ್ತಾರು. ಈ ವಾರ ನಲವತ್ತೆರಡು. ಇದು ಕಿಲೋ ಲೆಕ್ಕ. ರೋಗಿಯ ಹೆಸರು ಕುಸುಮ, ನನ್ನ ಹೆಂಡತಿ. ಅಡ್ಡಕ್ಕೆ ತಿಂಗಳು, ಉದ್ದಕ್ಕೆ ತೂಕ ಇಟ್ಟು ಎಳೆದು ನೋಡಿರಿ. ಹೇಗಿದ್ದಾಳೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಉತ್ತರ ನನ್ನಲ್ಲಿಲ್ಲ.

ಏನು ರೋಗ, ಯಾಕೆ ಬಂತು ಎಂದು ಕೇಳಬೇಡಿ. ರೇಖಾನಕ್ಷೆ ಏನಾಯಿತು ಎಂದು ಹೇಳುತ್ತದೆ, ಯಾಕಾಯಿತು ಎಂದು ಹೇಳುವುದಿಲ್ಲ. ಇದನ್ನೂ ಮಕ್ಕಳಿಗೆ ಕಲಿಸಿರಿ. ಕೊನೆಯ ಚುಕ್ಕೆಯ ಆಚೆಗೆ ಗೆರೆ ಎಳೆಯುವ ಚಟ ಮಕ್ಕಳಿಗಿರುತ್ತದೆ. ಅದನ್ನು ಬಿಡಿಸಿರಿ.

ಶಾಂತಿನಾಥ


ಕೊಗನೊಳ್ಳಿ
೨೩ ಅಕ್ಟೋಬರ್ ೨೦೨೩

ಅಪ್ಪಾ,

ಮೊದಲು ಪಾಠ, ಇಲ್ಲವಾದರೆ ನೀವು ಮುಂದೆ ಓದುವುದಿಲ್ಲ. ಮಕ್ಕಳಿಂದ ಅವರವರ ಪರೀಕ್ಷೆಯ ಅಂಕಗಳ ನಕ್ಷೆ ಮಾಡಿಸಿದೆ. ಮಾಳೇಶನ ಅಂಕ ತಿಂಗಳಿಂದ ತಿಂಗಳಿಗೆ ಬಿದ್ದಿವೆ. ಆದರೆ ಅವನ ಗೆರೆ ಬಿದ್ದಂತೆ ಕಾಣಲೇ ಇಲ್ಲ. ನೋಡಿದರೆ ಉದ್ದದ ಅಳತೆಯನ್ನು ಇಡುಕಿ ಇಡುಕಿ ಬರೆದಿದ್ದ, ಒಂದು ಚೌಕಕ್ಕೆ ಐವತ್ತು ಅಂಕ. ಯಾಕೋ ಎಂದರೆ, "ನಮ್ಮಪ್ಪಗ ತೋರಸಬೇಕಲ್ರಿ" ಅಂದ. ಅವನಿಗೆ ಏನು ಹೇಳಲಿ?

ಇನ್ನು ನನ್ನ ಮಾತು. ನೀವು ಕೊಟ್ಟ ಅಂಕಿಯನ್ನು ನಾನು ವರ್ಗದಲ್ಲಿ ಎಳೆಯಲಿಲ್ಲ. ಮನೆಯಲ್ಲಿ ಎಳೆದೆ. ಬಾಳೇಶ ಪಕ್ಕದಲ್ಲಿ ಕೂತಿದ್ದ. ಅವನು ಎಂಟನೆಯ ವರ್ಗಕ್ಕೇ ಶಾಲೆ ಬಿಟ್ಟವನು. ಆದರೂ ಗೆರೆ ನೋಡಿ ಎದ್ದುಹೋಗಿ ನನ್ನ ಚೀಲ ತಂದು ಮುಂದಿಟ್ಟ. "ನಾಳಿಗೇ ಹೋಗ. ನಾ ಬರೂದಿಲ್ಲ, ನಾ ಬಂದ್ರ ಬಾಗಲಾ ತಗ್ಯೂದಿಲ್ಲ" ಅಂದ.

ನಾನು ಒಬ್ಬಳೇ ಬಂದರೂ ಬಾಗಿಲು ತೆರೆಯಲಿಲ್ಲವಲ್ಲ ಅಪ್ಪಾ. ಕಟ್ಟೆಯ ಮೇಲೆ ಕುಳಿತಿದ್ದವರು ನನ್ನನ್ನು ಕಂಡು ಎದ್ದು ಹೊಸ್ತಿಲಿಗೆ ಅಡ್ಡ ನಿಂತಿರಿ. "ಯಾರು ಬೇಕಾಗಿತ್ರಿ?" ಎಂದು ಬಹುವಚನದಲ್ಲಿ ಕೇಳಿದಿರಿ. ಎದುರು ಮನೆಯ ಶಿವಗಂಗವ್ವ ಕಾಳು ಹಸನು ಮಾಡುವುದನ್ನು ಬಿಟ್ಟು ನೋಡುತ್ತಿದ್ದಳು. ಅವ್ವನ ಮುಖ ಒಂದು ಸಲ ನೋಡಿ ಹೋಗುತ್ತೇನೆ, ಒಳಗೆ ಕೂಡ್ರುವುದೂ ಇಲ್ಲ, ನಿಂತೇ ನೋಡುತ್ತೇನೆ ಅಂದೆ. "ಮನ್ಯಾಗ ಜಡ್ಡ ಬಿದ್ದಾರ್ರಿ. ಹೊರಗಿನವ್ರನ್ನ ಬಿಡೂದಿಲ್ಲ" ಅಂದಿರಿ.

ಆಗ ಒಳಗಿನಿಂದ ಅವ್ವ, "ಯಾರ್ರಿ ಅದು?" ಎಂದು ಕೇಳಿದಳು. ದನಿ ಎಷ್ಟು ಸಣ್ಣದಾಗಿತ್ತೆಂದರೆ, ಅವಳೇ ಎಂದು ನನಗೆ ಗೊತ್ತಾಗಲು ಒಂದು ಕ್ಷಣ ಬೇಕಾಯಿತು. ನೀವು ನನ್ನ ಮುಖದಿಂದ ಕಣ್ಣು ತೆಗೆಯದೆ ಅವಳಿಗೆ ಉತ್ತರ ಕೊಟ್ಟಿರಿ. "ಕೊಗನೊಳ್ಳಿ ಬಾಯಾರು. ಲೆಕ್ಕಾ ಕೇಳಾಕ ಬಂದಿದ್ರು. ಹೊಂಟ್ರು."

ನಾನು ಯಾಕೆ ಕೂಗಲಿಲ್ಲ ಎಂದು ಆ ಬಸ್ಸಿನಲ್ಲಿಯೂ ಕೇಳಿಕೊಂಡೆ, ಈಗಲೂ ಕೇಳಿಕೊಳ್ಳುತ್ತೇನೆ. ವರ್ಗದಲ್ಲಿ ಕೇಳದೆ ಮಾತಾಡಿದ ಹುಡುಗರನ್ನು ನೀವು ನೋಡುವ ಒಂದು ನೋಟವಿದೆ. ಆ ನೋಟ ನನ್ನ ಮೇಲೆ ಬಿತ್ತು. ಕೂಗಿದರೆ ಅವಳು ಏಳಲು ಹೋಗಿ ಬಿದ್ದಾಳು ಎಂದೂ ಅನ್ನಿಸಿತು. ತಿರುಗಿ ಬಂದೆ.

ನನಗೆ ಈಗ ಐದು ತಿಂಗಳು. ಇದನ್ನು ಹೇಳಬೇಕೆಂದೇ ಬಂದಿದ್ದೆ. ನಿಮಗಲ್ಲ, ಅವಳಿಗೆ. ನನ್ನನ್ನು ಒಳಗೆ ಬಿಡಬೇಡಿ. ಈ ಒಂದು ಮಾತನ್ನು ಮಾತ್ರ ಒಳಗೆ ಬಿಡಿ. ನಿಮ್ಮ ಕಾಲಿಗೆ ಬೀಳುತ್ತೇನೆ.

ಪೂನಮ


ಶೇಡಬಾಳ
೪ ಡಿಸೆಂಬರ್ ೨೦೨೩

ಶಿಕ್ಷಕಿಯವರಿಗೆ,

ಉತ್ತರ ತಡವಾಯಿತು.

ಮಾಳೇಶ ಎಂಬ ಹುಡುಗನಿಗೆ ಶಿಕ್ಷೆ ಕೊಡಬೇಡಿ. ಪ್ರಮಾಣ ಎಂದರೇನೆಂದು ನಿಮ್ಮ ವರ್ಗದಲ್ಲಿ ಅರ್ಥವಾಗಿರುವುದು ಅವನೊಬ್ಬನಿಗೆ. ಅದೇ ಅಂಕಗಳನ್ನು ಎರಡು ಹಾಳೆಯ ಮೇಲೆ ಎರಡು ಪ್ರಮಾಣದಲ್ಲಿ ಅವನಿಂದಲೇ ಎಳೆಸಿ ಗೋಡೆಗೆ ಹಚ್ಚಿರಿ. ಯಾವುದು ಸುಳ್ಳು ಎಂದು ವರ್ಗಕ್ಕೆ ಕೇಳಿರಿ. ಎರಡೂ ಸುಳ್ಳಲ್ಲ, ನೋಡುವವನು ಬದಿಯ ಅಂಕಿ ಓದಬೇಕು ಎಂಬುದು ಉತ್ತರ. ಮನೆಗೆ ಮಾತ್ರ ಒಂದು ಚೌಕಕ್ಕೆ ಐದು ಅಂಕದ ಹಾಳೆಯನ್ನೇ ಕಳಿಸಿರಿ. ಅವರಪ್ಪನಿಗೆ ಸತ್ಯ ಗೊತ್ತಾಗಲಿ.

ನನ್ನ ಹೆಂಡತಿ ನವೆಂಬರ್ ಹದಿನೆಂಟರಂದು ತೀರಿಕೊಂಡಳು. ಸಂಸ್ಕಾರ ಆಯಿತು, ಸೂತಕ ಕಳೆಯಿತು. ಈಗ ಬರುವ ಅವಶ್ಯಕತೆಯಿಲ್ಲ.

ತಮ್ಮ ಮನೆಯ ಸುದ್ದಿಯನ್ನು ಅವಳಿಗೆ ತಿಳಿಸಲಿಲ್ಲ. ಕೊನೆಗಾಲಕ್ಕೆ ಮೋಹ ಹೆಚ್ಚಿಸುವುದು ನಮ್ಮ ಧರ್ಮದಲ್ಲಿ ಪಾಪ. ಅವಳು ಶಾಂತವಾಗಿ ಹೋದಳು.

ವಾರ್ಷಿಕ ಪರೀಕ್ಷೆಯ ಮೊದಲು ಇನ್ನೊಮ್ಮೆ ಓದುವ ಅಭ್ಯಾಸ ಮಾಡಿಸಿರಿ.

ಶಾಂತಿನಾಥ


ಶೇಡಬಾಳ
೨೦ ಜನವರಿ ೨೦೨೪

ಪ್ರೀತಿಯ ಪೂನಮಳಿಗೆ,

ನಿನ್ನ ರೂಪಾಲಿ ವೈನಿ ಮಾಡುವ ಆಶೀರ್ವಾದ. ನಿನ್ನ ವಿಳಾಸವನ್ನು ಜಿನೇಂದ್ರ ಕಾಕಾ ಕೊಟ್ಟರು. ನಿನ್ನ ಜೊತೆ ಮಾತಾಡುವುದಿಲ್ಲ ಎಂದು ನಿಮ್ಮಣ್ಣ ಮಾವನವರಿಗೆ ಬಸದಿಯಲ್ಲಿ ನಿಂತು ಮಾತು ಕೊಟ್ಟಿದ್ದಾರೆ, ಆದ್ದರಿಂದ ಫೋನು ಮಾಡಲಾರೆ. ಇದನ್ನು ನಿನಗೆ ಹೇಳಬೇಕೋ ಬೇಡವೋ ಎಂದು ಬಹಳ ದಿನ ತೂಗಿದೆ. ನಿನ್ನ ಮೈ ಈಗ ಇಬ್ಬರದು. ಆದರೆ ಬೇರೆಯವರ ಬಾಯಿಂದ ಅರ್ಧಮರ್ಧ ಕೇಳುವುದಕ್ಕಿಂತ ನನ್ನಿಂದ ಪೂರ್ತಿ ಕೇಳುವುದು ಮೇಲು.

ನೀನು ಕೊಗನೊಳ್ಳಿಯಲ್ಲಿದ್ದೀಯೆಂದು ಮಾವನವರನ್ನು ಬಿಟ್ಟು ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಬೋರಗಾಂವದಲ್ಲೇ ಇರಬೇಕು, ನೌಕರಿ ಗಿವಕರಿ ಇರಲಿಕ್ಕಿಲ್ಲ ಅಂದುಕೊಂಡಿದ್ದೆವು. ಮಳೆಗಾಲದಿಂದ ಮಾವನವರಿಗೆ ಕೊಗನೊಳ್ಳಿಯ ಯಾರೋ ಶಿಕ್ಷಕಿಯ ಪತ್ರ ಬರತೊಡಗಿತು. ಸಂಜೆ ಊಟವಾದ ಮೇಲೆ ಅತ್ತೆಯವರ ಮಂಚದ ಪಕ್ಕ ಕುರ್ಚಿ ಹಾಕಿಕೊಂಡು ಅವರೇ ಓದಿ ಹೇಳುತ್ತಿದ್ದರು. ಅತ್ತೆಗೆ ನೋವು ಮರೆಯಲು ಅದೊಂದೇ ಔಷಧ ಅನ್ನುವ ಹಾಗಿತ್ತು. ಗುಡ್ಡ ಹತ್ತಿ ಇಳಿದವನ ಮಾತು ಕೇಳಿ ಎಷ್ಟು ನಕ್ಕರೆಂದರೆ ಕೆಮ್ಮು ಬಂದು ನಾನು ನೀರು ಒಯ್ದು ಕೊಡಬೇಕಾಯಿತು. ನೀರಿಗೆ ದಣಿವಾದ ಮಾತನ್ನು ಮರುದಿನ ಮತ್ತೆ ಓದಿಸಿದರು. ನಾನೂ ಅಡುಗೆಮನೆಯ ಬಾಗಿಲಲ್ಲಿ ನಿಂತು ನಕ್ಕಿದ್ದೇನೆ. ಆ ಶಿಕ್ಷಕಿ ನೀನೆಂದು ನನಗೆ ಹೊಳೆಯಲಿಲ್ಲ, ಅತ್ತೆಗೂ ಹೊಳೆಯಲಿಲ್ಲ. ನಿನ್ನ ಹೆಸರು, ಅವ್ವ ಹೇಗಿದ್ದಾಳೆ ಎಂಬ ಸಾಲು, ಎಲ್ಲ ಬಿಟ್ಟು ಮಕ್ಕಳ ಮಾತಷ್ಟನ್ನೇ ಓದುತ್ತಿದ್ದರು.

ಒಂದು ಸಂಜೆ ಅತ್ತೆ, "ಆ ಬಾಯಾರ ತಾಯಿ ಪುಣ್ಯವಂತಿ. ನಮ್ಮ ಪೂನಿ ನೋಡ್ರಿ, ಒಂದ ಅಕ್ಷರಾ ಬರೀಲಿಲ್ಲ. ನಾ ಸಾಯಾಕತ್ತೀನಿ ಅಂತಾದ್ರೂ ಆಕಿಗಿ ಗೊತ್ತೈತೋ ಇಲ್ಲೋ" ಅಂದರು. ಮಾವನವರು ಹಾಳೆ ಮಡಚಿ ಕಿಸೆಯಲ್ಲಿಟ್ಟುಕೊಂಡು, ಔಷಧದ ಹೊತ್ತಾಯಿತು ಅಂದರು.

ನೀನು ಬಂದ ದಿನ ನಾನೂ ನಿಮ್ಮಣ್ಣನೂ ಔಷಧ ತರಲು ಮಿರಜಕ್ಕೆ ಹೋಗಿದ್ದೆವು. ಬರುವುದರಲ್ಲಿ ಮಾವನವರ ಮೇಲೆ ಅತ್ತೆ ಸಿಟ್ಟಾಗಿದ್ದರು. ಅಷ್ಟು ದೂರದಿಂದ ಬಂದ ಬಾಯಾರನ್ನು ಒಳಗೆ ಕರೆದು ಒಂದು ಕಪ್ಪು ಚಹಾ ಕೊಡದೆ ಬಾಗಿಲಿನಿಂದಲೇ ಕಳಿಸಿದಿರಲ್ಲ, ನಾನು ಅವರ ಮುಖ ನೋಡುತ್ತಿದ್ದೆ ಎಂದು ರಾತ್ರಿಯವರೆಗೂ ಅಂದರು.

ಸೂತಕ ಕಳೆದ ದಿನ ಬಂಧುಗಳೆಲ್ಲ ಪಡಸಾಲೆಯಲ್ಲಿದ್ದರು. ಪೂನಮಳಿಗೆ ತಿಳಿಸಿದ್ದೀರಾ ಎಂದು ಜಿನೇಂದ್ರ ಕಾಕಾ ಕೇಳಿದರು. ಆಗ ಮಾವನವರೇ ಎಲ್ಲರೆದುರು ಇದನ್ನೆಲ್ಲ ಹೇಳಿದರು. "ಆಕಿ ಬರದ ಪತ್ರಾನ ನಾ ಓದಿ ಹೇಳ್ತಿದ್ದೆ. ಯಾರ್ದಂತ ಕಡೀತನಾ ಹೇಳಲಿಲ್ಲ. ಆಕಿ ಸತ್ತಾಳ ಅಂತ ಆಡಿದ ಮಾತಿಗಿ ತಪ್ಪಲಿಲ್ಲ" ಅಂದರು. ಎಲ್ಲರೂ ಭಲೇ ಅಂದಾರು ಎಂದುಕೊಂಡಿದ್ದರೋ ಏನೋ. ಕಾಕಾ ಊಟಕ್ಕೆ ನಿಲ್ಲದೆ ಎದ್ದುಹೋದರು.

ಇಷ್ಟೇ ಪೂನಮ. ಹೆರಿಗೆಯಾದ ಮೇಲೆ ಎರಡು ಸಾಲು ಬರೆ. ನಾನು ಬರಲಾರೆ.

ನಿನ್ನ ವೈನಿ,
ರೂಪಾಲಿ


ಶೇಡಬಾಳ
೫ ಸೆಪ್ಟೆಂಬರ್ ೨೦೨೪

ಪೂನಮ,

ಇದು ಈ ವರ್ಷ ನಾನು ಬರೆಯುತ್ತಿರುವ ಮೂರನೆಯ ಪತ್ರ. ಹಿಂದಿನವು ತಲುಪಿಲ್ಲವೆಂದು ಹೇಳಲಾರೆ. ತಲುಪಿವೆ. ಅಂಚೆಯವನನ್ನು ಕೇಳಿದ್ದೇನೆ.

ಇಂದು ಶಿಕ್ಷಕರ ದಿನವೆಂದು ಹಳೆಯ ವಿದ್ಯಾರ್ಥಿಗಳು ಶಾಲು ಹೊದಿಸಲು ಬಂದಿದ್ದರು. ಅವರೆಲ್ಲ ಹೋದ ಮೇಲೆ ಸಂಜೆ ಏನು ಮಾಡಬೇಕೆಂದು ತಿಳಿಯಲಿಲ್ಲ. ಆ ಕುರ್ಚಿ ಇನ್ನೂ ಅಲ್ಲೇ ಇದೆ. ಓದಲು ಏನೂ ಬಂದಿಲ್ಲ. ಒಬ್ಬನೇ ನಿನ್ನ ಹಳೆಯ ಪತ್ರಗಳನ್ನು ಗಟ್ಟಿಯಾಗಿ ಓದಿದೆ, ಪೂರ್ತಿ. ರೂಪಾಲಿ ಬಾಗಿಲಿಗೆ ಬಂದು ನೋಡಿ ಹೋದಳು.

ಹಾಲೇಶ ಆರನೆಯ ವರ್ಗಕ್ಕೆ ಹೋದನೇ? ಈ ವರ್ಷದ ಮಕ್ಕಳು ಹೇಗಿದ್ದಾರೆ? ನಿನಗೆ ಮಗುವಾಗಿದೆ ಎಂದು ಕೇಳಿದೆ. ಗಂಡೋ ಹೆಣ್ಣೋ ನನಗೆ ಯಾರೂ ಹೇಳಿಲ್ಲ, ನಾನೂ ಕೇಳಿಲ್ಲ.

ಒಂದು ದಿನ ಬಂದು ನಿನ್ನ ವರ್ಗ ನೋಡಬೇಕೆಂದಿದೆ. ಬೇಡವಾಗಿದ್ದರೆ ಬೇಡವೆಂದು ಬರೆ. ಏನೂ ಬರೆಯದಿದ್ದರೆ ಬರುತ್ತೇನೆ.

ನಿನ್ನ ಅಪ್ಪ,
ಶಾಂತಿನಾಥ


ಕೊಗನೊಳ್ಳಿ
೧೧ ಡಿಸೆಂಬರ್ ೨೦೨೪

ರೂಪಾಲಿ ವೈನಿಗೆ,

ನಮಸ್ಕಾರ. ಅಪ್ಪ ಇಲ್ಲಿಂದ ಮನೆಗೆ ಬಂದು ನಿಮಗೆ ಏನು ಹೇಳಿದರೋ, ಏನೂ ಹೇಳಲಿಲ್ಲವೋ ನನಗೆ ಗೊತ್ತಿಲ್ಲ. ಇಲ್ಲಿ ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ಬೇಡವೆಂದು ನಾನು ಬರೆಯಲಿಲ್ಲ. ಬಾ ಎಂದೂ ಬರೆಯಲಿಲ್ಲ. ಹೋದ ಶುಕ್ರವಾರ ಎರಡನೆಯ ಅವಧಿಗೆ ಬಾಗಿಲಲ್ಲಿ ಬಿಳಿ ಧೋತರ, ಟೊಪ್ಪಿಗೆ, ಕೈಯಲ್ಲಿ ಛತ್ರಿ ಹಿಡಿದು ನಿಂತಿದ್ದರು. ಬಹಳ ಇಳಿದುಹೋಗಿದ್ದಾರೆ. ನಮ್ಮ ಹೆಡ್‌ಮಾಸ್ತರ ಗುರಪ್ಪ ಸರ್ ಅವರನ್ನು ಹೆಸರಿನಿಂದ ಬಲ್ಲರು. ಗಣಿತದ ತರಬೇತಿಯಲ್ಲಿ ಎಂದೋ ಅವರ ಪಾಠ ಕೇಳಿದ್ದರಂತೆ. ನಾನು ಅವರ ಮಗಳೆಂದು ಗುರಪ್ಪ ಸರ್‌ಗೆ ಗೊತ್ತಿಲ್ಲ. ಕೈ ಹಿಡಿದು ಒಳಗೆ ಕರೆತಂದು, ಮಕ್ಕಳಿಗೆ ಎರಡು ಮಾತು ಹೇಳಿರಿ ಅಂದರು. ಅಪ್ಪ ನನ್ನ ಕಡೆ ತಿರುಗಿ, "ಒಂದ ಪಿರಿಯಡ್ ಕೊಡ್ತೀರೇನ್ರಿ?" ಎಂದು ಕೇಳಿದರು. ನಾನು ಬೋರ್ಡಿನ ಮೇಲೆ ಬರೆಯುತ್ತಿದ್ದ ಖಡು ಅವರ ಕೈಗೆ ಕೊಟ್ಟು ಹಿಂದಿನ ಸಾಲಿಗೆ ಹೋಗಿ ಕುಳಿತೆ.

ವೈನಿ, ಅಂಥ ಪಾಠ ನಾನು ಯಾವತ್ತೂ ಕೇಳಿರಲಿಲ್ಲ. ನನಗೆ ಕಲಿಸುವಾಗ ಅವರು ಹಾಗಿರಲಿಲ್ಲ. ಬೋರ್ಡಿನ ಮೇಲೆ ಅಂಕಿಯೇ ಇಲ್ಲದ ಒಂದು ಗೆರೆ ಎಳೆದು, ಇದು ಏನಿರಬಹುದು, ನೀವೇ ಕಥೆ ಹೇಳಿರಿ ಅಂದರು. ಒಬ್ಬ ಬಾವಿಯ ನೀರು ಅಂದ, ಒಬ್ಬಳು ನಿಪ್ಪಾಣಿ ಸಂತೆಯ ಟೊಮ್ಯಾಟೊ ದರ ಅಂದಳು, ಒಬ್ಬ ತಮ್ಮಜ್ಜನ ಜ್ವರ ಅಂದ. ಪ್ರತಿಯೊಂದು ಕಥೆಗೂ ಬದಿಯ ಅಂಕಿ ಬದಲಿಸುತ್ತ ಹೋದರು. ಗೆರೆ ಅದೇ. ಅವಧಿ ಮುಗಿದದ್ದೇ ಯಾರಿಗೂ ಗೊತ್ತಾಗಲಿಲ್ಲ. ಮಕ್ಕಳು ಬೆಂಚಿನ ಮೇಲೆ ಮೊಣಕಾಲೂರಿ ಬೋರ್ಡಿನ ಕಡೆ ಬಾಗಿದ್ದರು. ಗುರಪ್ಪ ಸರ್ ಬಾಗಿಲಲ್ಲಿ ನಿಂತೇ ಇದ್ದರು.

ಕೊನೆಗೆ ಮುಂದಿನ ಸಾಲಿನ ಹುಡುಗಿಯೊಬ್ಬಳು ಹಿಂದೆ ತಿರುಗಿ, "ಬಾಯಾರ, ಈ ಅಜ್ಜಾರು ನಿಮಗ ಏನಾಗಬೇಕ್ರಿ?" ಎಂದು ಕೇಳಿದಳು. ಮುಖದ ಹೋಲಿಕೆ ಕಂಡಿತೋ ಏನೋ. ಅಪ್ಪ ಖಡು ಕೆಳಗಿಟ್ಟು ನನ್ನನ್ನು ನೋಡಿದರು. ಗುರಪ್ಪ ಸರ್ ಕೂಡ ನೋಡಿದರು.

"ಏನೂ ಆಗಬೇಕಾಗಿಲ್ಲ. ಲೆಕ್ಕಾ ಗೊತ್ತಿದ್ದವ್ರು, ಬಂದಾರ" ಅಂದೆ.

ಅವರು ತಲೆಯಾಡಿಸಿದರು. ಹೌದು ಎನ್ನುವ ಹಾಗೆಯೇ ಆಡಿಸಿದರು. ನಳದ ಹತ್ತಿರ ಹೋಗಿ ಕೈ ತೊಳೆದುಕೊಂಡರು. ಗುರಪ್ಪ ಸರ್ ಊಟಕ್ಕೆ ಎಷ್ಟು ಕರೆದರೂ ಒಲ್ಲೆ ಅಂದರು. ನನ್ನ ಹತ್ತಿರ ಬಂದು, ಚಿಕ್ಕೋಡಿ ಬಸ್ಸು ಎಷ್ಟೊತ್ತಿಗೆ ಎಂದು ಕೇಳಿದರು. ಹೇಳಿದೆ. ಮನೆ ಎಲ್ಲಿ ಎಂದು ಅವರು ಕೇಳಲಿಲ್ಲ. ಶಾಲೆಯ ಹಿಂದಿನ ಓಣಿಯಲ್ಲೇ ಇದೆ ಎಂದು ನಾನು ಹೇಳಲಿಲ್ಲ.

ನಮ್ಮ ಅತ್ತೆ ಹೊಳೆವ್ವ ಕೂಸು ನೋಡಿಕೊಳ್ಳಲು ಇಲ್ಲಿಯೇ ಬಂದಿದ್ದಾಳೆ. ಮಧ್ಯಾಹ್ನದ ಬಿಡುವಿನಲ್ಲಿ ಹಾಲು ಕುಡಿಸಲು ಕೂಸನ್ನು ಎತ್ತಿಕೊಂಡು ದಿನಾ ಶಾಲೆಗೆ ಬರುತ್ತಾಳೆ. ಅಂದೂ ಬಂದಳು. ಅವರು ರಸ್ತೆಯ ಅಂಚಿನಲ್ಲಿ ಬಸ್ಸಿಗೆ ನಿಂತಿದ್ದರು. ಒಬ್ಬರಿಗೊಬ್ಬರು ಗುರುತಿಲ್ಲ. ಬಿಸಿಲಿಗೆ ಕೂಸು ಕಣ್ಣು ಕಿರಿದು ಮಾಡಿ ಅಳುತ್ತಿತ್ತು. ನಾನು ಕಿಟಕಿಯಲ್ಲಿದ್ದೆ. ಅವರು ಛತ್ರಿ ಬಿಚ್ಚಿ ಕೂಸಿನ ಮೇಲೆ ಹಿಡಿದರು. ಏನು ಮಾತಾಡಿದರೆಂದು ಅತ್ತೆ ಆಮೇಲೆ ಹೇಳಿದಳು. ಎಳೆಯ ಕೂಸನ್ನು ಬಿಸಿಲಲ್ಲಿ ತರಬಾರದು ಅಂದರಂತೆ. "ಏನ ಮಾಡೂದ್ರಿ, ತಾಯಿ ಈ ಸಾಲ್ಯಾಗ ಬಾಯಾರ ಅದಾಳ" ಅಂದಳಂತೆ ಇವಳು.

ಅವರು ಕೂಸಿನ ಮೇಲಿನ ಛತ್ರಿ ಅಲುಗದ ಹಾಗೆ ಹಿಡಿದು, ಅತ್ತೆಯ ಜೊತೆ ಹೆಜ್ಜೆ ಹಾಕುತ್ತ, ತಾವು ಬಿಸಿಲಲ್ಲಿ ನಡೆಯುತ್ತ ಗೇಟಿನವರೆಗೆ ಬಂದರು. ಕೂಸು ಅಳು ನಿಲ್ಲಿಸಿ ಛತ್ರಿಯ ಕಡ್ಡಿ ಹಿಡಿದುಕೊಂಡಿತ್ತು. ಬಿಡಿಸಿಕೊಳ್ಳದೆ ನಿಂತಿದ್ದರು.

ನಾನು ಗೇಟಿಗೆ ಹೋದೆ. ಅವರು ಒಂದೇ ಮಾತು ಕೇಳಿದರು. "ಹೆಣ್ಣೇನವ್ವಾ?"

ಕೂಸಿನ ಬೆರಳು ಬಿಡಿಸಿದೆ. ಎತ್ತಿಕೊಂಡೆ. ಬೆನ್ನು ತಿರುಗಿಸಿ ಒಳಗೆ ಬಂದೆ. ಬಸ್ಸು ಬಂದು ಹಾರ್ನು ಹಾಕಿದ್ದು, ಮತ್ತೊಮ್ಮೆ ಹಾಕಿದ್ದು, ಹೋದದ್ದು ಕೇಳಿಸಿತು. ಅವರು ಹತ್ತಿದರೋ ಇಲ್ಲವೋ ಎಂದು ತಿರುಗಿ ನೋಡಲಿಲ್ಲ.

ಆ ರಾತ್ರಿ ಬಾಳೇಶ ಊಟ ಮಾಡಲಿಲ್ಲ. ನೀ ಹಂಗ ಮಾಡಬಾರದಿತ್ತು ಅಂತಷ್ಟೇ ಅಂದು ಗೋಡೆಯ ಕಡೆ ಮುಖ ಮಾಡಿ ಮಲಗಿದ. ನಾನು ಹೊಟ್ಟೆ ತುಂಬ ಉಂಡೆ, ವೈನಿ. ಚೆನ್ನಾಗಿ ನಿದ್ದೆಯೂ ಬಂತು. ಬೆಳಿಗ್ಗೆ ಎದ್ದ ಮೇಲೆ ನನಗೆ ನನ್ನದೇ ಹೆದರಿಕೆಯಾಯಿತು. ಅದಕ್ಕೇ ಬರೆಯುತ್ತಿದ್ದೇನೆ.

ನಿಮ್ಮ
ಪೂನಮ